ಗೀಸರ್ ಸರಿಯಾಗಿ ಕಾಯುತ್ತಿಲ್ಲವೇ? ಕಾಯಿಲ್ ಬದಲಿಸುವ ಮೊದಲು ಇಷ್ಟು ನೋಡಿ

ಕಲಬುರಗಿಯಲ್ಲಿ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಗೀಸರ್‌ಗೆ ಕೆಲಸವಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರೇ ಮೈಗೆ ಹಾಕಿಕೊಳ್ಳಲಾಗದಷ್ಟು ಬಿಸಿ ಇರುತ್ತದೆ. ದೀಪಾವಳಿಯ ಹೊತ್ತಿಗೆ ಚಳಿ ಬಿದ್ದಾಗ ಸ್ವಿಚ್ ಒತ್ತುತ್ತೇವೆ. ಅರ್ಧ ಗಂಟೆ ಕಾದು ನಲ್ಲಿ ತಿರುಗಿಸಿದರೆ ಬರುವುದು ಉಗುರುಬೆಚ್ಚಗಿನ ನೀರು. ಕರೆಸಿದ ರಿಪೇರಿಯವರು ಮುಚ್ಚಳ ತೆರೆಯುವ ಮೊದಲೇ ‘ಕಾಯಿಲ್ ಹೋಗಿದೆ’ ಎಂದು ಹೇಳುವುದು ಈಗ ಮಾಮೂಲಾಗಿದೆ. ಹೊಸ ಕಾಯಿಲ್ ಬೀಳುತ್ತದೆ, ದುಡ್ಡು ಹೋಗುತ್ತದೆ, ತಿಂಗಳೊಳಗೆ ಮತ್ತೆ ಅದೇ ಬೆಚ್ಚಗಿನ ನೀರು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗಳಲ್ಲಿರುವ ಸಾಮಾನ್ಯ ಗೀಸರ್‌ಗೆ ಒಂದೇ ಕಾಯಿಲ್ ಇರುತ್ತದೆ. ಅದು ತುಂಡಾದರೆ ನೀರು ಸ್ವಲ್ಪವೂ ಕಾಯುವುದಿಲ್ಲ, ಟ್ಯಾಂಕಿನ ತಣ್ಣೀರು ತಣ್ಣೀರಾಗಿಯೇ ಉಳಿಯುತ್ತದೆ. ನೀರು ಬೆಚ್ಚಗಾದರೂ ಆಗುತ್ತಿದ್ದರೆ ಕಾಯಿಲ್ ತುಂಡಾಗಿಲ್ಲ ಎಂದೇ ಅರ್ಥ. ಆಗ ದೋಷ ಬೇರೆಲ್ಲೋ ಇದೆ: ವೋಲ್ಟೇಜ್‌ನಲ್ಲಿ, ನೀರಿನ ಬಿಸಿ ನೋಡಿ ಕರೆಂಟ್ ಹಾಕಿ ತೆಗೆಯುವ ಥರ್ಮೋಸ್ಟಾಟ್‌ನಲ್ಲಿ, ನಲ್ಲಿಯ ಜೋಡಣೆಯಲ್ಲಿ, ಅಥವಾ ನಮ್ಮ ನೀರಿನ ಸುಣ್ಣದಲ್ಲಿ. ಇವುಗಳಲ್ಲಿ ಯಾವುದು ಎಂಬುದನ್ನು ಒಂದು ಗಡಿಯಾರ, ಒಂದು ಬಕೆಟ್ ಇಟ್ಟುಕೊಂಡು ಮನೆಯವರೇ ಬಹುಮಟ್ಟಿಗೆ ಕಂಡುಕೊಳ್ಳಬಹುದು. ಮುಚ್ಚಳ ತೆರೆಯಬೇಕಾದ ಸಂದರ್ಭ ಆಮೇಲಿನದು.

ಇಲ್ಲಿ ಹೇಳುವುದೆಲ್ಲ ಗೋಡೆಗೆ ನೇತುಹಾಕುವ 10, 15, 25 ಲೀಟರ್‌ಗಳ, ನೀರು ತುಂಬಿಟ್ಟು ಕಾಯಿಸುವ ಗೀಸರ್ ಕುರಿತು. ಮೂರು ಲೀಟರ್‌ನ ಇನ್‌ಸ್ಟಂಟ್ ಗೀಸರ್‌ಗೂ ಇದರಲ್ಲಿ ಬಹಳಷ್ಟು ಅನ್ವಯಿಸುತ್ತದೆ. ಗ್ಯಾಸ್ ಗೀಸರ್‌ನ ಸಂಗತಿಯೇ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ.

ಕೈ ಹಾಕುವ ಮುನ್ನ

ನಲ್ಲಿ ಮುಟ್ಟಿದಾಗ ಅಥವಾ ಬೀಳುವ ನೀರಿಗೆ ಕೈಯೊಡ್ಡಿದಾಗ ಜುಮ್ಮೆನ್ನುತ್ತಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಒದ್ದೆ ಕೈಯಿಂದ ಗೀಸರ್‌ನ ಸ್ವಿಚ್ ಕೂಡ ಮುಟ್ಟದೆ ನೇರವಾಗಿ ಎಂಸಿಬಿ ಅಥವಾ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ ಅವರನ್ನು ಕರೆಯಿರಿ. ಕಾಯಿಲ್‌ನ ಹೊರಕವಚ ಬಿರುಕು ಬಿಟ್ಟು ಕರೆಂಟ್ ನೀರಿಗೆ ಇಳಿಯುತ್ತಿದೆ, ಅದನ್ನು ಭೂಮಿಗೆ ಒಯ್ಯಬೇಕಾದ ಅರ್ಥಿಂಗ್ ಕೂಡ ಸತ್ತಿದೆ ಎಂಬುದರ ಸೂಚನೆ ಅದು. ಎರಡೂ ಸೇರಿದರೆ ಪ್ರಾಣಕ್ಕೇ ಅಪಾಯ.

ಅರ್ಥಿಂಗ್ ವಿಷಯದಲ್ಲಿ ನಮ್ಮ ಭಾಗದ ಮನೆಗಳಿಗೆ ವಿಶೇಷ ಎಚ್ಚರ ಬೇಕು. ಬೇಸಿಗೆಯಲ್ಲಿ ನಮ್ಮ ಕರಿಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅರ್ಥಿಂಗ್ ಗುಂಡಿಯ ಸುತ್ತಲಿನ ತೇವ ಆರಿ, ಮಣ್ಣು ಸರಳಿನಿಂದ ದೂರ ಸರಿದರೆ ಅಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಬೇಸಿಗೆಯಲ್ಲಿ ಆಗಾಗ ಆ ಗುಂಡಿಗೆ ಒಂದೆರಡು ಕೊಡ ನೀರು ಹಾಕುವ ಹಿರಿಯರ ರೂಢಿಯಲ್ಲಿ ತಿರುಳಿದೆ, ಅದನ್ನು ಬಿಡಬೇಡಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಸಾಲು ಕಡಿಯುವ ಸ್ವಿಚ್, ಹಾಕಿಸಿ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದ ಕೂಡಲೇ ಕರೆಂಟ್ ಹೋಗಬೇಕು.

ದೀಪ, ಗಡಿಯಾರ, ಬಕೆಟ್

ಹೆಚ್ಚಿನ ಗೀಸರ್‌ಗಳಲ್ಲಿ ಎರಡು ದೀಪಗಳಿರುತ್ತವೆ. ಒಂದು ಕರೆಂಟ್ ಬಂದಿದೆ ಎಂದು ತೋರಿಸುತ್ತದೆ, ಇನ್ನೊಂದು ನೀರು ಕಾಯುತ್ತಿದೆ ಎಂದು. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಈ ಎರಡನೆಯ ದೀಪಕ್ಕೆ ಕರೆಂಟ್ ಬರುವುದು ಥರ್ಮೋಸ್ಟಾಟ್ ದಾಟಿದ ಮೇಲೆ. ಹಾಗಾಗಿ ಬಹಳಷ್ಟು ಸಂಗತಿಗಳು ಅದರಿಂದಲೇ ತಿಳಿಯುತ್ತವೆ.

ಬೆಳಿಗ್ಗೆ, ಯಾರೂ ಸ್ನಾನ ಮಾಡುವ ಮೊದಲು, ಟ್ಯಾಂಕಿನ ನೀರು ಪೂರ್ತಿ ತಣ್ಣಗಿರುವಾಗ ಸ್ವಿಚ್ ಹಾಕಿ ಸಮಯ ಬರೆದುಕೊಳ್ಳಿ. ಕಾಯುವ ದೀಪ ಆರುವವರೆಗೆ ನಲ್ಲಿ ಬಿಡಬೇಡಿ. ಆರಿದ ಕ್ಷಣ ಮತ್ತೆ ಸಮಯ ನೋಡಿ. ಆಮೇಲೆ ಬಿಸಿನೀರಿನ ನಲ್ಲಿಯನ್ನಷ್ಟೇ ತೆರೆದು ಬಕೆಟ್ ತುಂಬಿಸುತ್ತ, ಎಷ್ಟು ನೀರು ಬಂದ ಮೇಲೆ ಬಿಸಿ ಇಳಿಯಿತು ಎಂಬುದನ್ನು ಗಮನಿಸಿ.

ಎಷ್ಟು ಹೊತ್ತು ಹಿಡಿಯಬೇಕು ಎಂಬುದಕ್ಕೆ ಖಚಿತ ಲೆಕ್ಕವಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೌಲ್ ಶಕ್ತಿ ಬೇಕು. 15 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಲು 2520 ಕಿಲೋಜೌಲ್. ಎರಡು ಸಾವಿರ ವಾಟ್‌ನ ಕಾಯಿಲ್ ಇಷ್ಟನ್ನು 21 ನಿಮಿಷದಲ್ಲಿ ಕೊಡುತ್ತದೆ. 25 ಲೀಟರ್ ಗೀಸರ್‌ಗೆ 35 ನಿಮಿಷ. ಬೀದರ್‌ನ ಡಿಸೆಂಬರ್ ಚಳಿಯಲ್ಲಿ ಟ್ಯಾಂಕಿನ ನೀರು 15 ಡಿಗ್ರಿಗೆ ಇಳಿದಿದ್ದರೆ 15 ಲೀಟರ್‌ಗೆ 24 ನಿಮಿಷವಾದೀತು. ಇದಕ್ಕಿಂತ ಎರಡು ಮೂರು ನಿಮಿಷ ಆಚೀಚೆಯಾದರೆ ಚಿಂತೆಯಿಲ್ಲ.

ಈಗ ನಿಮ್ಮ ಮನೆಯಲ್ಲಿ ಕಂಡದ್ದನ್ನು ಇದರ ಜೊತೆ ಹೋಲಿಸಿ.

ಎರಡೂ ದೀಪ ಉರಿಯುತ್ತಿಲ್ಲವೆಂದರೆ ಕರೆಂಟೇ ಗೀಸರ್ ತಲುಪಿಲ್ಲ. ಎಂಸಿಬಿ ಬಿದ್ದಿದೆಯೇ, ಪ್ಲಗ್ ಸಡಿಲವಾಗಿದೆಯೇ ನೋಡಿ. ಕರೆಂಟಿನ ದೀಪ ಉರಿದು, ಕಾಯುವ ದೀಪ ಒಮ್ಮೆಯೂ ಹತ್ತದೆ ನೀರು ತಣ್ಣಗೇ ಉಳಿದರೆ ದೋಷ ಥರ್ಮೋಸ್ಟಾಟ್‌ನಲ್ಲಿ ಅಥವಾ ಅದರ ಪಕ್ಕದ, ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯುವ ಕಟೌಟ್‌ನಲ್ಲಿದೆ. ಕಾಯುವ ದೀಪ ಒಂದು ಗಂಟೆಯಾದರೂ ಉರಿಯುತ್ತಲೇ ಇದ್ದು ನೀರು ಪೂರ್ತಿ ತಣ್ಣಗಿದ್ದರೆ ಆಗ ಮಾತ್ರ ಕಾಯಿಲ್ ಮೇಲೆ ಅನುಮಾನಪಡಬೇಕು. ಅದೇ ದೀಪ ಗಂಟೆಗಟ್ಟಲೆ ಉರಿದು ನೀರು ಬರೀ ಬೆಚ್ಚಗಾಗುತ್ತಿದ್ದರೆ ವೋಲ್ಟೇಜ್ ಕಡಿಮೆಯಿದೆ, ಇಲ್ಲವೇ ಎಲ್ಲೋ ಬಿಸಿನೀರು ಸೋರಿ ಹೋಗುತ್ತಿದೆ. ಐದಾರು ನಿಮಿಷಕ್ಕೇ ದೀಪ ಆರಿ, ಒಂದೆರಡು ತಂಬಿಗೆ ಬಿಸಿನೀರು ಬಂದು ಆಮೇಲೆ ತಣ್ಣಗಾಗುತ್ತಿದ್ದರೆ ಅದು ನಮ್ಮ ಭಾಗದ ಖಾಸಾ ರೋಗ, ಸುಣ್ಣ. ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ.

ಇನ್ನೊಂದು ಬಗೆಯೂ ಇದೆ. ಲೆಕ್ಕದ ಸಮಯಕ್ಕೇ ದೀಪ ಆರುತ್ತದೆ, ಆದರೆ ನಲ್ಲಿಯಲ್ಲಿ ಮೊದಲಿನಿಂದಲೂ ಬೆಚ್ಚಗಿನ ನೀರೇ ಬರುತ್ತದೆ. ಇಲ್ಲಿ ಗೀಸರ್ ತನ್ನ ಕೆಲಸ ಮಾಡಿದೆ. ಹೊರಬರುವ ದಾರಿಯಲ್ಲಿ ತಣ್ಣೀರು ಬೆರೆಯುತ್ತಿದೆ.

ವೋಲ್ಟೇಜ್ ಇಳಿದರೆ

ಕಾಯಿಲ್‌ನ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 230 ವೋಲ್ಟ್‌ನಲ್ಲಿ ಎರಡು ಸಾವಿರ ವಾಟ್ ಕೊಡುವ ಕಾಯಿಲ್ 200 ವೋಲ್ಟ್‌ನಲ್ಲಿ ಸುಮಾರು 1500 ವಾಟ್, 180 ವೋಲ್ಟ್‌ನಲ್ಲಿ ಸುಮಾರು 1225 ವಾಟ್ ಮಾತ್ರ ಕೊಡುತ್ತದೆ. ಅಂದರೆ 21 ನಿಮಿಷದ ಕೆಲಸಕ್ಕೆ 34 ನಿಮಿಷ ಬೇಕಾಗುತ್ತದೆ. ಗೀಸರ್‌ನಲ್ಲಿ ದೋಷವೇ ಇಲ್ಲ, ಸ್ನಾನಕ್ಕೆ ಮಾತ್ರ ತಡವಾಗುತ್ತದೆ. ಚಳಿಗಾಲದ ಬೆಳಿಗ್ಗೆ ಆರರಿಂದ ಎಂಟರವರೆಗೆ ಬಡಾವಣೆಯ ಎಲ್ಲ ಮನೆಗಳ ಗೀಸರ್ ಒಟ್ಟಿಗೆ ನಡೆಯುತ್ತವೆ. ಟ್ರಾನ್ಸ್‌ಫಾರ್ಮರ್‌ನಿಂದ ದೂರದ, ತುದಿಯ ಮನೆಗಳಿಗೆ ಆ ಹೊತ್ತಿನಲ್ಲಿ ವೋಲ್ಟೇಜ್ ಇಳಿಯುತ್ತದೆ. ಅದೇ ಗೀಸರ್ ಮಧ್ಯಾಹ್ನ ಹಾಕಿದರೆ ಬೇಗ ಕಾಯುತ್ತದೆಯೇ ಎಂದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಪ್ಲಗ್‌ಗೆ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರ್‌ಗಳು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತವೆ. ಒಂದನ್ನು ತಂದು ಬೇರೆ ಕೋಣೆಯ ಪ್ಲಗ್‌ಗೆ ಹಾಕಿ, ಗೀಸರ್ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಅಂಕಿ ನೋಡಿ. ಗೀಸರ್ ಹಾಕುವ ಮೊದಲೇ ಕಡಿಮೆ ಇದ್ದರೆ ಲೈನಿನ ಸಮಸ್ಯೆ. ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ 1912 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸ್ವಿಚ್ ಹಾಕಿದ ಕೂಡಲೇ ಅಂಕಿ 20, 30 ವೋಲ್ಟ್ ಕುಸಿದರೆ ಮೀಟರ್ ಬಳಿಯ ಅಥವಾ ಮೇನ್ ಬೋರ್ಡಿನ ಯಾವುದೋ ಜೋಡಣೆ ಸಡಿಲವಾಗಿದೆ. ಬೇರೆ ಕೋಣೆಯಲ್ಲಿ ವೋಲ್ಟೇಜ್ ಸರಿಯಿದ್ದು ಗೀಸರ್‌ನ ಪ್ಲಗ್ ಮಾತ್ರ ಬಿಸಿಯಾಗುತ್ತಿದ್ದರೆ ದೋಷ ಆ ಒಂದು ತಂತಿಯ ದಾರಿಯಲ್ಲಿಯೇ ಇದೆ.

ಪ್ಲಗ್ ಪರೀಕ್ಷೆ ಬಹಳ ಸುಲಭ, ಆದರೂ ಯಾರೂ ಮಾಡುವುದಿಲ್ಲ. ಎಂಸಿಬಿ ಆರಿಸಿ ಪ್ಲಗ್ ಹೊರಗೆಳೆದು ಅದರ ಹಿತ್ತಾಳೆ ಕಡ್ಡಿಗಳನ್ನು ನೋಡಿ. ಕಡ್ಡಿ ಕಪ್ಪಗಾಗಿದ್ದರೆ, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕಮಟು ವಾಸನೆ ಬರುತ್ತಿದ್ದರೆ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ. ಎರಡು ಸಾವಿರ ವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಮೂರು ಸಾವಿರ ವಾಟ್‌ನ ಇನ್‌ಸ್ಟಂಟ್ ಗೀಸರ್ 13. ಇವಕ್ಕೆ 16 ಆಂಪಿಯರ್‌ನ ಸಾಕೆಟ್, 2.5 ಚದರ ಮಿಲಿಮೀಟರ್‌ಗೆ ಕಡಿಮೆಯಿಲ್ಲದ ತಾಮ್ರದ ತಂತಿ, ತನ್ನದೇ ಆದ ಎಂಸಿಬಿ ಇರಲೇಬೇಕು. ತಂತಿ 4 ಚದರ ಮಿಲಿಮೀಟರ್‌ನದಾದರೆ ಇನ್ನೂ ಒಳ್ಳೆಯದು. ಬಾಡಿಗೆ ಮನೆಗಳಲ್ಲಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಗೀಸರ್ ಸಿಕ್ಕಿಸಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಗುತ್ತದೆ.

ತಣ್ಣೀರು ಬೆರೆಯುತ್ತಿದೆಯೇ?

ಇದಕ್ಕೆ ಎರಡು ನಿಮಿಷದ ಪರೀಕ್ಷೆ ಸಾಕು. ಗೀಸರ್ ಕೆಳಗೆ ಎರಡು ಕೊಳವೆಗಳಿರುತ್ತವೆ: ನೀಲಿ ಗುರುತಿನದು ತಣ್ಣೀರು ಒಳಬರಲು, ಕೆಂಪು ಗುರುತಿನದು ಬಿಸಿನೀರು ಹೊರಹೋಗಲು. ಕರೆಂಟ್ ಆರಿಸಿ ನೀಲಿ ಕಡೆಯ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಿರಿ. ಕೊಳವೆಯಲ್ಲಿದ್ದ ಒಂದಿಷ್ಟು ನೀರು ಬಂದು ನಿಲ್ಲಬೇಕು. ಧಾರೆ ನಿಲ್ಲದೆ ಬರುತ್ತಲೇ ಇದ್ದರೆ ಆ ನೀರು ಗೀಸರ್‌ನದಲ್ಲ, ಎಲ್ಲೋ ತಣ್ಣೀರಿನ ಸಾಲಿನಿಂದ ಬಿಸಿ ಸಾಲಿಗೆ ನುಗ್ಗುತ್ತಿದೆ. ಹೆಚ್ಚಿನ ಸಲ ಇದಕ್ಕೆ ಕಾರಣ ಮಿಕ್ಸರ್ ನಲ್ಲಿ. ಷವರ್ ಹಿಡಿಕೆಯ ತುದಿಯಲ್ಲಷ್ಟೇ ನೀರು ನಿಲ್ಲಿಸಿ, ಮಿಕ್ಸರ್‌ನ ಬಿಸಿ, ತಣ್ಣನೆಯ ಎರಡೂ ತಿರುಗಣೆಗಳನ್ನು ತೆರೆದೇ ಬಿಟ್ಟಿರುತ್ತೇವೆ. ಎರಡೂ ಸಾಲು ಒಳಗೊಳಗೇ ಒಂದಾಗಿಬಿಡುತ್ತವೆ. ತಿರುಗಣೆಗಳನ್ನು ಮುಚ್ಚುವ ಅಭ್ಯಾಸ ಮಾಡಿಕೊಂಡರೆ ಖರ್ಚಿಲ್ಲದೆ ಸಮಸ್ಯೆ ಮುಗಿಯುತ್ತದೆ. ಮುಚ್ಚಿದರೂ ನೀರು ಬಂದರೆ ಮಿಕ್ಸರ್ ಒಳಗಿನ ವಾಷರ್ ಸವೆದಿದೆ.

ತಣ್ಣೀರಿನ ನಲ್ಲಿಯಲ್ಲಿ ಒತ್ತಡ ಚೆನ್ನಾಗಿದ್ದು ಬಿಸಿನೀರು ಮಾತ್ರ ಸಣ್ಣ ಧಾರೆಯಾಗಿ ಬರುತ್ತಿದ್ದರೆ ನೀಲಿ ಕಡೆಯ ವಾಲ್ವ್‌ನಲ್ಲಿ ಕಸ ಸಿಕ್ಕಿಕೊಂಡಿರಬಹುದು, ಟ್ಯಾಂಕರ್ ನೀರು ಹಾಕಿಸುವ ಮನೆಗಳಲ್ಲಿ ಇದು ಹೆಚ್ಚು.

ಥರ್ಮೋಸ್ಟಾಟ್ ಮತ್ತು ಕಟೌಟ್

ಈಗ ಮುಚ್ಚಳ ತೆರೆಯುವ ಕೆಲಸ. ವಾರಂಟಿ ಇನ್ನೂ ಇದ್ದರೆ ತೆರೆಯಬೇಡಿ, ಕಂಪನಿಯ ಸರ್ವಿಸ್‌ನವರನ್ನೇ ಕರೆಯಿರಿ. ಟ್ಯಾಂಕಿಗೆ ಮತ್ತು ಕಾಯಿಲ್‌ಗೆ ಬೇರೆ ಬೇರೆ ಅವಧಿಯ ವಾರಂಟಿ ಇರುತ್ತದೆ, ಕಾರ್ಡ್ ತೆಗೆದು ಓದಿ. ಕಾರಣವಿಲ್ಲದೆ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ವಾರಂಟಿ ಮುಗಿದಿದ್ದು, ವಿದ್ಯುತ್ ಕೆಲಸದ ಅನುಭವ ನಿಮಗಿದ್ದರೆ ಮಾತ್ರ ಮುಂದುವರಿಯಿರಿ. ಇಲ್ಲದವರು ಇದನ್ನು ಓದಿಕೊಂಡು ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ನೋಡಿ. ಕೇಳಬೇಕಾದ ಪ್ರಶ್ನೆಗಳು ಆಗ ಹೊಳೆಯುತ್ತವೆ.

ಎಂಸಿಬಿ ಆರಿಸಿ, ಪ್ಲಗ್ ಹೊರಗೆಳೆದು, ಕೆಳಗಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ. ಟೆಸ್ಟರ್ ಹಚ್ಚಿ ಎಲ್ಲಿಯೂ ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕಾಯಿಲ್‌ನ ಎರಡು ತುದಿಗಳು, ಅವುಗಳ ಪಕ್ಕ ಥರ್ಮೋಸ್ಟಾಟ್, ಕಟೌಟ್ ಕಾಣುತ್ತವೆ. ಬಿಚ್ಚುವ ಮೊದಲು ತಂತಿಗಳ ಜೋಡಣೆಯನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಥರ್ಮೋಸ್ಟಾಟ್ ನೀರಿನ ಬಿಸಿ ನೋಡಿ ಕರೆಂಟ್ ಹಾಕಿ ತೆಗೆಯುತ್ತದೆ. ಅದು ಕೈಕೊಟ್ಟು ನೀರು ಕುದಿಯುವ ಹಂತಕ್ಕೆ ಹೋಗತೊಡಗಿದರೆ ಕಟೌಟ್ ಸಾಲನ್ನೇ ಕಡಿದುಹಾಕುತ್ತದೆ. ಕಟೌಟ್ ಮೇಲೆ ಪುಟ್ಟ ಗುಂಡಿಯೊಂದಿರುತ್ತದೆ. ಅದು ಮೇಲೆದ್ದಿದ್ದರೆ ಒತ್ತಿ, ಟಕ್ ಎಂಬ ಸದ್ದು ಕೇಳಿಸುತ್ತದೆ. ಅಲ್ಲಿಗೆ ಗೀಸರ್ ಮತ್ತೆ ಕೆಲಸ ಮಾಡಬಹುದು. ಆದರೆ ಕಟೌಟ್ ಸುಮ್ಮನೆ ಬೀಳುವುದಿಲ್ಲ. ಕೆಲವೇ ದಿನಗಳಲ್ಲಿ ಮತ್ತೆ ಬಿದ್ದರೆ ಥರ್ಮೋಸ್ಟಾಟ್‌ನ ಒಳಗಿನ ಸಂಪರ್ಕ ಅಂಟಿಕೊಂಡಿದೆ, ಇಲ್ಲವೇ ಕಾಯಿಲ್‌ಗೆ ಸುಣ್ಣ ಕಟ್ಟಿದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಬಿಡಿಭಾಗ ಸಿಗಲಿಲ್ಲವೆಂದೋ ಕೆಲಸ ಬೇಗ ಮುಗಿಯಲೆಂದೋ ಕೆಲವರು ಥರ್ಮೋಸ್ಟಾಟ್ ತೆಗೆದು ತಂತಿಗಳನ್ನು ‘ಡೈರೆಕ್ಟ್’ ಮಾಡಿಕೊಡುತ್ತಾರೆ. ನೀರು ಆಗ ಚೆನ್ನಾಗಿಯೇ ಕಾಯುತ್ತದೆ, ಮನೆಯವರೂ ಖುಷಿಪಡುತ್ತಾರೆ. ಸ್ವಿಚ್ ಆರಿಸಲು ಮರೆತ ದಿನ ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ಸುರಕ್ಷತಾ ವಾಲ್ವ್ ಕೂಡ ಸುಣ್ಣದಿಂದ ಮುಚ್ಚಿಹೋಗಿದ್ದರೆ ಟ್ಯಾಂಕ್ ಒಡೆದು ಗೋಡೆಯನ್ನೇ ಕಿತ್ತೊಗೆಯಬಲ್ಲದು. ನಿಮ್ಮ ಮನೆಯ ಗೀಸರ್ ಡೈರೆಕ್ಟ್ ಆಗಿದೆಯೇ ಎಂದು ತಿಳಿಯುವುದು ಸುಲಭ: ಮೇಲೆ ಹೇಳಿದ ಪರೀಕ್ಷೆಯಲ್ಲಿ ನೀರು ಸುಡುವಷ್ಟು ಕಾದರೂ ಕಾಯುವ ದೀಪ ಆರದಿದ್ದರೆ ಕೂಡಲೇ ಸ್ವಿಚ್ ತೆಗೆಯಿರಿ. ಹೊಸ ಥರ್ಮೋಸ್ಟಾಟ್ ಬೀಳುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ, ಆ ಗೀಸರ್ ಬಳಸಬೇಡಿ.

ಸುರಕ್ಷತಾ ವಾಲ್ವ್‌ನಿಂದ ನೀರು ಕಾಯುವಾಗ ಹನಿ ಬೀಳುವುದು ದೋಷವಲ್ಲ. ಕಾದ ನೀರು ಹಿಗ್ಗುತ್ತದೆ. 15 ಲೀಟರ್ ನೀರು 20ರಿಂದ 60 ಡಿಗ್ರಿಗೆ ಏರಿದಾಗ ಕಾಲು ಲೀಟರ್‌ನಷ್ಟು ಹೆಚ್ಚಾಗುತ್ತದೆ, ಅದು ಎಲ್ಲಾದರೂ ಹೋಗಲೇಬೇಕು. ಆ ರಂಧ್ರಕ್ಕೆ ಬಟ್ಟೆ ತುರುಕುವುದು, ಎಂ-ಸೀಲ್ ಮೆತ್ತುವುದು ಬೇಡವೇ ಬೇಡ.

ಕಾಯಿಲ್ ಪರೀಕ್ಷೆಗೆ ಮಲ್ಟಿಮೀಟರ್ ಬೇಕು. ಕಾಯಿಲ್‌ನ ತುದಿಗಳಿಂದ ತಂತಿ ಬಿಡಿಸಿ ಎರಡರ ನಡುವಿನ ರೋಧ ನೋಡಿ. ಎರಡು ಸಾವಿರ ವಾಟ್ ಕಾಯಿಲ್‌ಗೆ ಸುಮಾರು 26 ಓಮ್, ಮೂರು ಸಾವಿರ ವಾಟ್‌ನದಕ್ಕೆ ಸುಮಾರು 18 ಓಮ್ ಬರಬೇಕು. ಏನೂ ಬರದಿದ್ದರೆ ಕಾಯಿಲ್ ತುಂಡಾಗಿದೆ, ಬದಲಿಸಿ. ಒಂದು ತುದಿಗೂ ಗೀಸರ್‌ನ ಲೋಹದ ಮೈಗೂ ನಡುವೆ ಯಾವ ಸಂಪರ್ಕವೂ ತೋರಬಾರದು. ತೋರಿದರೆ ನೀರು ಎಷ್ಟೇ ಚೆನ್ನಾಗಿ ಕಾಯುತ್ತಿದ್ದರೂ ಆ ಕಾಯಿಲ್ ಬೇಡ. ಅಲ್ಲಿ ಏನೂ ತೋರದಿದ್ದರೂ ನೀರು ಬಿಸಿಯಾದಾಗ ಆರ್‌ಸಿಸಿಬಿ ಬೀಳುತ್ತಿದ್ದರೆ ಆರ್‌ಸಿಸಿಬಿ ಹೇಳುವುದನ್ನೇ ನಂಬಿ.

ನಮ್ಮ ನೀರು, ನಮ್ಮ ಸುಣ್ಣ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಎಂದರೆ ಸುಣ್ಣದ ಕಲ್ಲಿನ ನಾಡು. ನಮ್ಮ ಮನೆಗಳ ನೆಲಕ್ಕೆ ಹಾಸುವ ಫರಸಿ ಅದೇ, ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕಾಗಿಯೇ. ಆ ಕಲ್ಲಿನ ಪದರಗಳಲ್ಲಿ ಹಾದು ಬರುವ ಅಂತರ್ಜಲ ಸುಣ್ಣವನ್ನು ಕರಗಿಸಿಕೊಂಡೇ ಬರುತ್ತದೆ. ಕಲಬುರಗಿ ನಗರಕ್ಕೆ ಭೀಮಾ ಮತ್ತು ಬೆಣ್ಣೆತೊರಾದ ನೀರು ಬಂದರೂ ಸ್ನಾನಕ್ಕೆ, ಬಟ್ಟೆಗೆ ಬೋರ್‌ವೆಲ್ ನೀರನ್ನೇ ನೆಚ್ಚಿದ ಮನೆಗಳು ಬಹಳ. ಕುಡಿಯುವ ನೀರಿನ ಭಾರತೀಯ ಮಾನಕ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಳ್ಳೆಯದೆಂದೂ, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆದೀತೆಂದೂ ಹೇಳುತ್ತದೆ. ಗೀಸರ್‌ಗೆ ಅಂತಹ ರಿಯಾಯಿತಿ ಇಲ್ಲ. ನೀರು ಕಾದಷ್ಟೂ ಸುಣ್ಣ ಬೇರ್ಪಟ್ಟು, ಎಲ್ಲಕ್ಕಿಂತ ಬಿಸಿಯಿರುವ ಜಾಗಕ್ಕೆ, ಅಂದರೆ ಕಾಯಿಲ್ ಮೇಲೆಯೇ ಅಂಟುತ್ತದೆ.

ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ದುಪ್ಪಟ್ಟಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಹಾಗಾಗುವುದಿಲ್ಲ. ಕಾಯಿಲ್ ನೀರಿನ ನಡುವೆಯೇ ಇರುವುದರಿಂದ ಅದರ ಶಾಖವೆಲ್ಲ ಕೊನೆಗೆ ನೀರಿಗೇ ಸೇರಬೇಕು. 15 ಲೀಟರ್ ನೀರನ್ನು ಒಮ್ಮೆ ಕಾಯಿಸಲು ಸುಮಾರು ಮುಕ್ಕಾಲು ಯೂನಿಟ್. 2023ರ ಆಗಸ್ಟ್‌ನಲ್ಲಿ ಇದೇ ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನು ಲೆಕ್ಕ ಹಾಕುವವರು ದಿನಕ್ಕೆ ಎರಡು ಸಲಕ್ಕೆ ತಿಂಗಳಿಗೆ 45 ಯೂನಿಟ್ ಎಂದು ಹಿಡಿದರೆ ಸಾಕು. ಸುಣ್ಣದ ನಿಜವಾದ ಹಾನಿ ಬೇರೆ. ಪದರದೊಳಗೆ ಶಾಖ ಸಿಕ್ಕಿಕೊಂಡು ಕಾಯಿಲ್ ಮಿತಿಮೀರಿ ಕಾಯುತ್ತದೆ, ಕೊನೆಗೆ ಅದರ ಕವಚ ಬಿರಿಯುತ್ತದೆ. ಇದಕ್ಕೂ ಮೊದಲೇ, ಕಾಯಿಲ್‌ಗೆ ಒತ್ತಿಕೊಂಡಿರುವ ಥರ್ಮೋಸ್ಟಾಟ್‌ನ ಕೊಳವೆಗೆ ಆ ಸಿಕ್ಕಿಕೊಂಡ ಶಾಖವೆಲ್ಲ ತಗಲುತ್ತದೆ. ಟ್ಯಾಂಕಿನ ನೀರು ಇನ್ನೂ ತಣ್ಣಗಿರುವಾಗಲೇ ಥರ್ಮೋಸ್ಟಾಟ್ ಎಲ್ಲ ಕಾದಿದೆ ಎಂದು ತಿಳಿದು ಕರೆಂಟ್ ತೆಗೆಯುತ್ತದೆ. ದೀಪ ಐದೇ ನಿಮಿಷಕ್ಕೆ ಆರುವುದು ಇದರಿಂದ. ಹೊಸ ಥರ್ಮೋಸ್ಟಾಟ್ ಹಾಕಿದರೂ ಪ್ರಯೋಜನವಾಗದಿರುವುದು ಕೂಡ ಇದರಿಂದಲೇ.

ಸೇಡಂ ರಸ್ತೆಯ ಮನೆಯೊಂದರಲ್ಲಿ ಬೋರ್‌ವೆಲ್ ನೀರಿನ ಮೇಲೆಯೇ ನಡೆದ ಗೀಸರ್ ಬಿಚ್ಚಿದ್ದು ನೆನಪಿದೆ. ಬೋಲ್ಟ್‌ಗಳೆಲ್ಲ ಸಡಿಲವಾದರೂ ಕಾಯಿಲ್ ಹೊರಬರಲಿಲ್ಲ, ಒಳಗೆ ಅಷ್ಟು ಬಿಗಿಯಾಗಿ ಹೂತುಹೋಗಿತ್ತು. ಮೆಲ್ಲಗೆ ಅಲುಗಾಡಿಸುತ್ತಿದ್ದಂತೆ ಮೊದಲು ಹಿಟ್ಟಿನಂತಹ ಬಿಳಿ ನೀರು ಇಳಿಯಿತು. ಆಮೇಲೆ ಮೊಟ್ಟೆಯ ಸಿಪ್ಪೆಯಷ್ಟು ದಪ್ಪದ, ಒಂದು ಬದಿ ನುಣುಪಾಗಿ ಇನ್ನೊಂದು ಬದಿ ಹರಳುಹರಳಾಗಿದ್ದ ಚಕ್ಕೆಗಳು ಬಕೆಟ್ಟಿಗೆ ಬಿದ್ದವು. ನುಣುಪಾದ ಬದಿಯಲ್ಲಿ ಕಾಯಿಲ್‌ನ ದುಂಡು ಅಚ್ಚು ಹಾಗೆಯೇ ಉಳಿದಿತ್ತು. ಕಾಯಿಲ್ ಮಾತ್ರ ಒಳಗೆ ಕೆಡದೆ ಉಳಿದಿತ್ತು, ಮೀಟರ್‌ನಲ್ಲಿ ರೋಧ ಸರಿಯಾಗಿಯೇ ತೋರಿಸಿತು. ತೊಳೆದು ಅದನ್ನೇ ಮತ್ತೆ ಕೂರಿಸಿದೆವು.

ತೊಳೆಯುವ ಕ್ರಮ ಹೀಗೆ. ನೀಲಿ ಕಡೆಯ ವಾಲ್ವ್ ಮುಚ್ಚಿ. ಒಳಗಿನ ನೀರು ತಣ್ಣಗಾಗಿರಬೇಕು, ಆತುರಪಟ್ಟರೆ ಕೈ ಸುಡುತ್ತದೆ. ಬಿಸಿನೀರಿನ ನಲ್ಲಿ ತೆರೆದಿಟ್ಟು, ನೀಲಿ ಕಡೆಯ ಕೊಳವೆ ಬಿಚ್ಚಿ ಕೆಳಗೆ ಬಕೆಟ್ ಇಡಿ. ನಲ್ಲಿಯ ಕಡೆಯಿಂದ ಗಾಳಿ ಒಳಹೊಕ್ಕಾಗ ಮಾತ್ರ ಟ್ಯಾಂಕ್ ಖಾಲಿಯಾಗುತ್ತದೆ, ಹಾಗಾಗಿ ನಲ್ಲಿ ತೆರೆದಿರಲೇಬೇಕು. ನೀರೆಲ್ಲ ಇಳಿದ ಮೇಲೆ ಥರ್ಮೋಸ್ಟಾಟ್, ಕಟೌಟ್ ತೆಗೆದಿಟ್ಟು, ಕಾಯಿಲ್ ಕೂತಿರುವ ತಟ್ಟೆಯ ಬೋಲ್ಟ್ ಬಿಚ್ಚಿ ಹೊರತೆಗೆಯಿರಿ.

ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆಚ್ಚಗಿನ ನೀರು ಹಾಕಿ, ಲೀಟರಿಗೆ ಸುಮಾರು 50 ಗ್ರಾಂನಂತೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿ. ಕಾಯಿಲ್‌ನ ಬಾಗಿದ ಭಾಗ ಮಾತ್ರ ಮುಳುಗಬೇಕು, ತಂತಿ ಕೂಡಿಸುವ ತುದಿಗಳಿಗೆ ಒಂದು ಹನಿಯೂ ತಗಲಬಾರದು. ಸುಣ್ಣ ಗುಳ್ಳೆಗಳೇಳುತ್ತ ಕರಗತೊಡಗುತ್ತದೆ. ಗುಳ್ಳೆ ನಿಂತರೆ, ಸುಣ್ಣ ಇನ್ನೂ ಉಳಿದಿದ್ದರೆ, ಹೊಸ ದ್ರಾವಣ ಮಾಡಿ. ದಪ್ಪ ಪದರಕ್ಕೆ ಒಂದು ರಾತ್ರಿ ಬೇಕಾಗಬಹುದು. ಸ್ಕ್ರೂಡ್ರೈವರ್‌ನಿಂದ ಕೆರೆಯುವುದು, ಸುತ್ತಿಗೆಯಿಂದ ತಟ್ಟುವುದು ಬೇಡ, ಕವಚಕ್ಕೆ ಗೀರು ಬಿದ್ದರೆ ಅಲ್ಲಿಂದಲೇ ಅದು ಬಿರಿಯುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಬಳಸುವವರಿದ್ದಾರೆ. ಸುಣ್ಣ ಕ್ಷಣದಲ್ಲಿ ಹೋಗುತ್ತದೆ ನಿಜ, ಜೊತೆಗೆ ಲೋಹವೂ ಹೋಗುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದರ ಹೊಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಟ್ಯಾಂಕಿನ ತಳದಲ್ಲಿ ಕುಳಿತ ಚಕ್ಕೆಗಳನ್ನು ಕೈಯಿಂದ, ಬಟ್ಟೆಯಿಂದ ಬಳಿದು ತೆಗೆಯಿರಿ. ಒಳಗೆ ಗಾಜಿನ ಲೇಪವಿದ್ದರೆ ಕಬ್ಬಿಣದ ಸಲಾಕೆ ಹಾಕಬೇಡಿ.

ಅದೇ ತಟ್ಟೆಗೆ ಬೂದುಬಣ್ಣದ ಒಂದು ಸರಳು ತಿರುಗಿಸಿ ಕೂಡಿಸಿರುತ್ತಾರೆ. ಅದು ಮೆಗ್ನೀಸಿಯಂ ಆನೋಡ್. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ಈ ಸರಳು ತಾನು ಸವೆಯುತ್ತದೆ. ಸವಳು ನೀರಿನಲ್ಲಿ ಇನ್ನೂ ಬೇಗ. ಅರ್ಧಕ್ಕಿಂತ ತೆಳುವಾಗಿದ್ದರೆ, ಅಥವಾ ಒಳಗಿನ ತಂತಿ ಮಾತ್ರ ಉಳಿದಿದ್ದರೆ, ಬದಲಿಸಿ. ಅಗ್ಗದ ಬಿಡಿಭಾಗ, ಆದರೆ ಟ್ಯಾಂಕಿನ ಆಯುಷ್ಯ ನಿಂತಿರುವುದು ಇದರ ಮೇಲೆ.

ಮತ್ತೆ ಜೋಡಿಸುವಾಗ ಹಳೆಯ ರಬ್ಬರ್ ಗ್ಯಾಸ್ಕೆಟ್ ಬೇಡ, ಹೊಸದು ಹಾಕಿ. ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ವಾಲ್ವ್ ತೆರೆದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಉಗುಳುವುದು ನಿಂತು ತುಂಬು ಧಾರೆ ಬರುವವರೆಗೆ ಕಾಯಿರಿ. ತಟ್ಟೆಯ ಸುತ್ತ ಒಣಬಟ್ಟೆ ಒತ್ತಿ ಸೋರಿಕೆ ಇಲ್ಲವೆಂದು ನೋಡಿದ ಮೇಲೆಯೇ ಮುಚ್ಚಳ ಹಾಕಿ ಸ್ವಿಚ್ ಒತ್ತಿ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ಕೂಡ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಆಮೇಲೆ ಗಡಿಯಾರದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಈ ಸಲ ಲೆಕ್ಕದ ಸಮಯ ಬರಬೇಕು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಈ ಕೆಲಸ ವರ್ಷಕ್ಕೊಮ್ಮೆ ಆಗಲಿ. ನೀರು ತುಂಬುವ ಹಬ್ಬಕ್ಕೆ ಬಚ್ಚಲು ತೊಳೆದು ಹಂಡೆ ಬೆಳಗುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ, ಅದೇ ವಾರ ಗೀಸರ್‌ನದೂ ಮುಗಿಸಿದರೆ ಚಳಿಗಾಲ ನಿಶ್ಚಿಂತೆ. ಬಿಸಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸದೆ 60 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ, ಮಕ್ಕಳ ಮೈ ಸುಡುವ ಭಯವೂ ಕಡಿಮೆ. ಸಾಧ್ಯವಿದ್ದರೆ ಗೀಸರ್‌ನ ಸಾಲನ್ನು ನಗರಸಭೆ ಅಥವಾ ಪಾಲಿಕೆಯ ನಲ್ಲಿ ನೀರು ತುಂಬುವ ಟ್ಯಾಂಕಿಗೆ ಕೂಡಿಸಿ, ಬೋರ್ ನೀರು ಉಳಿದ ಕೆಲಸಕ್ಕಿರಲಿ.

ರಿಪೇರಿ ಸಾಕು ಎನ್ನುವುದು ಯಾವಾಗ?

ಟ್ಯಾಂಕೇ ತುಕ್ಕು ಹಿಡಿದು ಸೋರುತ್ತಿದ್ದರೆ ಬೆಸುಗೆ ಹಾಕಿಸಬೇಡಿ. ಒಳಗಿನ ಲೇಪ ಆ ಶಾಖಕ್ಕೆ ಸುಟ್ಟು, ಪಕ್ಕದಲ್ಲೇ ಮತ್ತೆ ತೂತಾಗುತ್ತದೆ. ಹೊಸದನ್ನು ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಐಎಸ್ 2082 ಎಂಬ ಸಂಖ್ಯೆ ನೋಡಿ. ಗಡಸು ನೀರಿಗೆ ತಕ್ಕ ಕಾಯಿಲ್ ಇದೆಯೇ, ಆನೋಡ್ ಮತ್ತು ಗ್ಯಾಸ್ಕೆಟ್ ಬಿಡಿಯಾಗಿ ಕಲಬುರಗಿಯಲ್ಲೇ ಸಿಗುತ್ತವೆಯೇ, ಬೀದರ್ ಅಥವಾ ಯಾದಗಿರಿಗೆ ಸರ್ವಿಸ್‌ನವರು ಬರುತ್ತಾರೆಯೇ ಎಂದು ಅಂಗಡಿಯಲ್ಲೇ ಕೇಳಿ. ಕೂರಿಸುವಾಗ ಗೀಸರ್ ಕೆಳಗೆ ಕಾಯಿಲ್ ಹೊರಗೆಳೆಯಲು ಬೇಕಾದಷ್ಟು ಜಾಗ ಬಿಡಿಸಿ, ನೀಲಿ ಕಡೆ ಕೈಗೆ ಸಿಗುವಂತೆ ವಾಲ್ವ್ ಹಾಕಿಸಿ. ರಿಪೇರಿಗೆ ಯಾರೇ ಬಂದರೂ ಬದಲಿಸಿದ ಹಳೆಯ ಕಾಯಿಲ್, ಥರ್ಮೋಸ್ಟಾಟ್‌ಗಳನ್ನು ಕೈಗೆ ಪಡೆದು, ನಿಮ್ಮ ಕಣ್ಣೆದುರೇ ಮೀಟರ್ ಹಚ್ಚಿ ತೋರಿಸಲು ಹೇಳಿ. 26 ಓಮ್ ತೋರಿಸಿ, ಮೈಗೆ ಸಂಪರ್ಕವಿಲ್ಲದ ಕಾಯಿಲ್‌ಗೆ ದುಡ್ಡು ಕೊಡಬೇಕಾಗಿಲ್ಲ.